ಹೊಸಬರಿಗೆ ಮಾರ್ಗದರ್ಶಿ: ಬೇರೆ ಡಿಗ್ರಿ ಓದಿ ಬಂದವರು ಅಮೆರಿಕದಲ್ಲಿ ನರ್ಸ್ ಆಗುವ ದಾರಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಮನೆಗಳಲ್ಲಿ ಈಗೀಗ ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಊರಲ್ಲಿ ಬಿಎಸ್ಸಿಯೋ ಬಿ.ಇ.ಯೋ ಮುಗಿಸಿ, ಒಂದಷ್ಟು ವರ್ಷ ಕೆಲಸವನ್ನೂ ಮಾಡಿ ಇಲ್ಲಿಗೆ ಬಂದಿದ್ದೇವೆ, ಈಗ ನರ್ಸಿಂಗ್ ಓದಬಹುದಾ ಅಂತ. ಓದಬಹುದು. ನಾನು ತುಮಕೂರಿನಲ್ಲಿ ಲೆಕ್ಕದ ಟೀಚರ್ ಆಗಿದ್ದವಳು, ಈಗ ಇಲ್ಲಿ ಆಸ್ಪತ್ರೆ ವಾರ್ಡಿನಲ್ಲಿ ನರ್ಸ್. ಊರಲ್ಲೇ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಈ ದಾರಿ ಬೇಡ. ನಿಮ್ಮದು ದಾಖಲೆ ಪರಿಶೀಲನೆ ಮಾಡಿಸಿ ನೇರ ಲೈಸೆನ್ಸ್ ಪರೀಕ್ಷೆ ಬರೆಯುವ ದಾರಿ, ಅದೇ ಬೇರೆ.

ಮೊದಲು ವೀಸಾ, ಆಮೇಲೆ ಕಾಲೇಜು

ದಯವಿಟ್ಟು ಇದನ್ನು ಎರಡು ಸಲ ಓದಿ. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಓದಬಹುದು, ಪೂರ್ತಿ ಕೋರ್ಸ್ ಮುಗಿಸಬಹುದು, ಆಸ್ಪತ್ರೆಯ ಕ್ಲಿನಿಕಲ್ ತರಬೇತಿಗೂ ಹೋಗಬಹುದು, ಯಾಕೆಂದರೆ ಅದು ಓದಿನ ಭಾಗ, ಸಂಬಳ ಇಲ್ಲ. ಆದರೆ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆ ಇಎಡಿ ಕಾರ್ಡ್, ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿ, ಬೇಕು. ಎಚ್-4ನವರಿಗೆ ಅದು 2015ರಿಂದ ಸಿಗುತ್ತಿದೆ, ಅದೂ ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಮಾತ್ರ. ನನ್ನ ಕಾಲೇಜಿನವರು ಪ್ರತಿ ಸೆಮಿಸ್ಟರ್ ಫೀಸು ಕಟ್ಟಿಸಿಕೊಂಡರು, ವೀಸಾ ಯಾವುದು ಅಂತ ಫಾರಂನಲ್ಲಿ ಬರೆಸಿಕೊಂಡರು, ಆದರೆ ಲೈಸೆನ್ಸ್ ಬಂದಮೇಲೂ ನೀನು ಮನೆಯಲ್ಲೇ ಕೂರಬೇಕಾಗುತ್ತಮ್ಮ ಅಂತ ಒಬ್ಬರೂ ಹೇಳಲಿಲ್ಲ. ಕೂತೆ. ಆ ಹೊಟ್ಟೆ ಉರಿ ನಿಮಗೆ ಬೇಡ.

ಆಮೇಲೆ ಆಸ್ಪತ್ರೆಯವರೇ ಎಚ್-1ಬಿ ಮಾಡಿಸ್ತಾರೆ ಅಂತ ನಂಬಿಕೊಂಡು ಸೇರಬೇಡಿ. ಸಾಮಾನ್ಯ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದು ಕಷ್ಟ. ನರ್ಸ್‌ಗಳ ಗ್ರೀನ್ ಕಾರ್ಡ್‌ಗೆ ಶೆಡ್ಯೂಲ್ ಎ ಅಂತ ಇದೆ, ಅದರಲ್ಲಿ ಈ ಕೆಲಸಕ್ಕೆ ಇಲ್ಲಿಯವರು ಸಿಗುತ್ತಿಲ್ಲ ಅಂತ ತೋರಿಸುವ ಲೇಬರ್ ಸರ್ಟಿಫಿಕೇಷನ್ ಹಂತ ತಪ್ಪುತ್ತದೆ ನಿಜ, ಆದರೆ ಭಾರತದಲ್ಲಿ ಹುಟ್ಟಿದವರ ಕ್ಯೂ ತಪ್ಪುವುದಿಲ್ಲ. ಇನ್ನು ಸರ್ಕಾರಿ ವಿದ್ಯಾರ್ಥಿ ಸಾಲ ಎಚ್-4ನವರಿಗೆ ಇಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ಉಂಟು. ಕೆಲವು ರಾಜ್ಯಗಳ ನರ್ಸಿಂಗ್ ಬೋರ್ಡ್ ಲೈಸೆನ್ಸ್ ಕೊಡುವಾಗ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತದೆ. ನಿಮ್ಮ ರಾಜ್ಯದ ಬೋರ್ಡ್‌ಗೆ ನೀವೇ ಬರೆದು ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದರು ಅಂತ ದುಡ್ಡು ಕಟ್ಟಬೇಡಿ.

ಮಾಸ್ಟರ್ಸ್ ಅಂದಾಕ್ಷಣ ಹಿಗ್ಗಬೇಡಿ

ನಮ್ಮ ಕಡೆ ಎಂಎಸ್ಸಿ ನರ್ಸಿಂಗ್ ಸೇರಬೇಕಾದರೆ ಮೊದಲು ನರ್ಸಿಂಗ್ ಡಿಗ್ರಿ ಆಗಿರಬೇಕು. ಇಲ್ಲಿ ಬೇರೆ ಡಿಗ್ರಿ ಇದ್ದವರನ್ನೇ ಸೇರಿಸಿಕೊಂಡು ನೇರ ಮಾಸ್ಟರ್ಸ್ ಕೊಡುವ ಕೋರ್ಸ್‌ಗಳಿವೆ. ಕೊಲಂಬಿಯಾದಲ್ಲಿ 15 ತಿಂಗಳು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಐದು ಸೆಮಿಸ್ಟರ್. ಇದರ ಪಕ್ಕದಲ್ಲೇ ಆಕ್ಸಿಲರೇಟೆಡ್ ಬಿಎಸ್ಎನ್ (ಬೇಗ ಮುಗಿಯುವ ನರ್ಸಿಂಗ್ ಬ್ಯಾಚುಲರ್ ಡಿಗ್ರಿ) ಅಂತ ಇನ್ನೊಂದಿದೆ, ಸಾಮಾನ್ಯವಾಗಿ 12ರಿಂದ 18 ತಿಂಗಳು, ಎಷ್ಟೋ ಕಡೆ ಖರ್ಚೂ ಕಡಿಮೆ. ಎರಡರಲ್ಲಿ ಯಾವುದನ್ನು ಓದಿದವರೂ ಬರೆಯುವುದು ಅದೇ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನುವ ಲೈಸೆನ್ಸ್ ಪರೀಕ್ಷೆ. ಸೇರುವುದೂ ಅದೇ ವಾರ್ಡಿನ ಕೆಲಸಕ್ಕೆ. ಈ ಮಾಸ್ಟರ್ಸ್ ಮಾಡಿದರೆ ನರ್ಸ್ ಪ್ರಾಕ್ಟೀಷನರ್ (ರೋಗ ಪತ್ತೆ ಮಾಡಿ ಔಷಧಿಯನ್ನೂ ಬರೆಯುವ ನರ್ಸ್) ಆಗಿಬಿಡ್ತೀವಿ ಅಂದುಕೊಂಡವರು ನಮ್ಮ ಸಂಘದಲ್ಲಿ ಸುಮಾರು ಜನ ಇದ್ದಾರೆ. ಅದಕ್ಕೆ ಆಮೇಲೆ ಮತ್ತೆ ಓದಬೇಕು. ಮುಂದೆ ಪಾಠ ಮಾಡಬೇಕು, ಮೇಲಕ್ಕೆ ಹೋಗಬೇಕು ಅನ್ನುವ ಯೋಚನೆ ಇದ್ದರೆ ಮಾಸ್ಟರ್ಸ್ ಸರಿ. ಹೆಸರಿನ ಮುಂದೆ ಹಾಕಿಕೊಳ್ಳೋಕೆ ಅಂತಾದರೆ ಸುಮ್ನೆ ಸಾಲ. ಯಾವುದಕ್ಕೇ ಸೇರಿ, ನರ್ಸಿಂಗ್ ಕೋರ್ಸ್‌ಗಳನ್ನು ಪರಿಶೀಲಿಸುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ.

ಊರಿಂದ ತರಿಸಬೇಕಾದ್ದು

ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ನಡೆಯುವುದಿಲ್ಲ. ವಿಶ್ವವಿದ್ಯಾಲಯದಿಂದಲೇ ಟ್ರಾನ್ಸ್‌ಕ್ರಿಪ್ಟ್ ಬೇಕು, ಹೊರದೇಶದ ಡಿಗ್ರಿ ಇಲ್ಲಿಯ ಯಾವುದಕ್ಕೆ ಸಮ ಅಂತ ಹೇಳುವ ಡಬ್ಲ್ಯುಇಎಸ್ ತರಹದ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಆಗಬೇಕು. ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ಅದಕ್ಕೂ ಮುಂಚೆ ತುಮಕೂರಿನ ಕಾಲೇಜಿನಲ್ಲಿ ಬಿಎಸ್ಸಿ, ಬಿಕಾಂ ಮಾಡಿದವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕೇಳಬೇಕು. ವಿಟಿಯು ಆದರೆ ಬೆಳಗಾವಿ. ಲಕೋಟೆಗೆ ಮೊಹರು ಬಿದ್ದಮೇಲೆ ಮನೆಯಲ್ಲಿ ಅಪ್ಪನೋ ಮಾವನೋ ಏನಿದೆ ನೋಡೋಣ ಅಂತ ಒಡೆಯಬಾರದು, ಮೊದಲೇ ಫೋನ್ ಮಾಡಿ ಹೇಳಿಬಿಡಿ. ಮೂರು ವರ್ಷದ ಡಿಗ್ರಿಯನ್ನು ಎಲ್ಲ ಕಾಲೇಜೂ ಒಪ್ಪುವುದಿಲ್ಲ. ಅರ್ಜಿ ಫೀಸು ಕಟ್ಟುವ ಮುಂಚೆ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಹೆಸರಿನದು ಇನ್ನೊಂದು ಗೋಳು. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಮದುವೆ ಆದಮೇಲೆ ಇನ್ನೊಂದು. ಪರೀಕ್ಷೆಗೆ ನೋಂದಾಯಿಸಿದ ಹೆಸರು ಗುರುತಿನ ಚೀಟಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಊರಿಗೆ ಹೋದಾಗಲೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಬನ್ನಿ.

ಮೊದಲೇ ಓದಿರಬೇಕಾದ ವಿಷಯಗಳು

- ಅನಾಟಮಿ ಮತ್ತು ಫಿಸಿಯಾಲಜಿ, ಎರಡು ಭಾಗ, ಲ್ಯಾಬ್ ಸಮೇತ
- ಮೈಕ್ರೋಬಯಾಲಜಿ, ಲ್ಯಾಬ್ ಸಮೇತ
- ಸ್ಟ್ಯಾಟಿಸ್ಟಿಕ್ಸ್
- ನ್ಯೂಟ್ರಿಷನ್, ಮನಃಶಾಸ್ತ್ರ, ಕೆಲವು ಕಡೆ ಕೆಮಿಸ್ಟ್ರಿ

ಹಳೆಯದಾದರೆ ಎಷ್ಟೋ ಕಾಲೇಜು ಒಪ್ಪುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿ, ಅಗ್ಗ.

ಲಸಿಕೆ, ಟಿಬಿ

ಆಸ್ಪತ್ರೆ ತರಬೇತಿಗೆ ಬಿಡುವ ಮುಂಚೆ ಟಿಬಿ ಪರೀಕ್ಷೆ ಕೇಳುತ್ತಾರೆ. ನಮಗೆಲ್ಲ ಚಿಕ್ಕಂದಿನಲ್ಲಿ ಟಿಬಿಗೆ ಅಂತ ಬಿಸಿಜಿ ಲಸಿಕೆ ಹಾಕಿಸಿರುತ್ತಾರೆ. ಅದರಿಂದ ಚರ್ಮದ ಟಿಬಿ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು. ಕ್ವಾಂಟಿಫೆರಾನ್ ರಕ್ತಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ.

ಮನೆಯವರಿಗೆ

ಬಿ.ಇ. ಓದಿ ಬೆಡ್‌ಪ್ಯಾನ್ ಎತ್ತೋದಾ ಅಂತ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ಸಿದ್ಧಗಂಗೆ ಇರುವ ಊರಿನವರು, ಸೇವೆಯನ್ನು ಕೀಳಾಗಿ ನೋಡುವ ಬುದ್ಧಿ ನಮಗೆಲ್ಲಿಂದ ಬಂತು? ಹಾಸಿಗೆ ಹಿಡಿದ ಅಜ್ಜನ ಮಗ್ಗುಲು ತಿರುಗಿಸುವಾಗ ಹಿಮ್ಮಡಿ, ಬೆನ್ನಿನ ಕೆಳಭಾಗ ಕೆಂಪಾಗಿದೆಯಾ ನೋಡಬೇಕು, ಬೆರಳಲ್ಲಿ ಒತ್ತಬೇಕು. ಒತ್ತಿದಾಗ ಬಿಳಿಚಿಕೊಳ್ಳದೆ ಹಾಗೇ ಕೆಂಪಾಗಿದ್ದರೆ ಹುಣ್ಣು ಶುರುವಾಗಿದೆ ಅಂತ. ಅದನ್ನು ಮೊದಲು ಹಿಡಿಯುವವರು ನರ್ಸ್. ಇದಕ್ಕೆ ಓದು ಬೇಕು ಸ್ವಾಮಿ.

ಕ್ಲಿನಿಕಲ್ ದಿನ ಹನ್ನೆರಡು ಗಂಟೆ ಹೊರಗಿರಬೇಕಾಗಬಹುದು. ಅವತ್ತು ಅಡುಗೆ, ಮಕ್ಕಳ ಡಬ್ಬಿ ಯಾರು ನೋಡ್ತಾರೆ ಅಂತ ಸೇರುವ ಮುಂಚೆಯೇ ಗಂಡ ಹೆಂಡತಿ ಕೂತು ಮಾತಾಡಿ. ಊರಿಂದ ಅತ್ತೆನೋ ಅಮ್ಮನೋ ಬಂದರೂ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳಷ್ಟೇ, ಕೋರ್ಸ್ ಅದಕ್ಕಿಂತ ಉದ್ದ.

ಪರೀಕ್ಷೆ

ಎನ್‌ಕ್ಲೆಕ್ಸ್ ಕಂಪ್ಯೂಟರಿನಲ್ಲಿ. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ಐದು ಗಂಟೆ ಸಮಯ. ನಿಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬರುತ್ತದೆ, ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಅನಾಟಮಿ ಪುಸ್ತಕಗಳು ಸಂಘದ ಕಪಾಟಿನಲ್ಲಿವೆ, ಹೊಸದು ಕೊಳ್ಳಬೇಡಿ. ತಗೊಂಡು ಹೋದವರು ಹೆಸರು ಬರೆದಿಡಿ, ಓದಿ ಮುಗಿದಮೇಲೆ ವಾಪಸ್ ತಂದಿಡಿ.