ನಾಲಿಗೆ ತುದಿಯಿಂದ ಕಲಿತ ಹಲ್ಲಿನ ಲೆಕ್ಕ

ಡೆಂಟಲ್ ಅಸಿಸ್ಟೆಂಟ್ ಕೋರ್ಸಿನ ಹುಡುಗಿಯರು ಪ್ರ್ಯಾಕ್ಟಿಕಲ್‌ಗೆಂದು ಕೊಪ್ಪಳದ ನಮ್ಮ ಕ್ಲಿನಿಕ್ಕಿಗೆ ಬಂದಾಗ ಮೊದಲು ಕೇಳುವುದು ಇದನ್ನೇ: "ಅಕ್ಕಾ, ಮೂವತ್ತೆರಡು ಹಲ್ಲಿನ ಹೆಸರು ಹೆಂಗ ನೆನಪ ಇಟ್ಕೊಂಡ್ರಿ?" ಹೆಸರು ಬಾಯಿಪಾಠ ಮಾಡುವುದು ದೊಡ್ಡ ಮಾತಲ್ಲ. ಕಷ್ಟ ಶುರುವಾಗುವುದು ಕುರ್ಚಿಯ ಪಕ್ಕ ನಿಂತ ಮೇಲೆ. ನಮ್ಮ ಡಾಕ್ಟರ್ ಮೇಡಂ ಪೇಷಂಟಿನ ಬಾಯೊಳಗೆ ಕನ್ನಡಿ ಇಟ್ಟು "ನಾಲ್ಕು-ಆರು, ಡಿಸ್ಟಲ್, ಕೇರೀಸ್" (ಯಾವ ಹಲ್ಲು, ಅದರ ಯಾವ ಕಡೆ, ಹುಳುಕು) ಎಂದವರೇ ಮುಂದಿನ ಹಲ್ಲಿಗೆ ಹೋಗಿರುತ್ತಾರೆ. ನಾವು ಚಾರ್ಟಿನಲ್ಲಿ ಬರೆದದ್ದನ್ನು ನೋಡಿಯೇ ಮುಂದಿನ ಸಲ ಎಕ್ಸ್‌ರೇ, ಫಿಲ್ಲಿಂಗ್, ಇಂಜೆಕ್ಷನ್ ಎಲ್ಲ ನಡೆಯುವುದು. ಅದಕ್ಕೇ ಚಾರ್ಟ್ ಬರೆಯುವುದನ್ನು ಗುಮಾಸ್ತರ ಕೆಲಸ ಅಂದರೆ ನನಗೆ ಸಿಟ್ಟು ಬರುತ್ತದೆ.

ನಾನು ಶುರು ಮಾಡಿದ್ದು ದಿಕ್ಕಿನಿಂದ. ಪೇಷಂಟಿನ ಬಲ ನಮ್ಮ ಕಣ್ಣಿಗೆ ಎಡ. ಚಾರ್ಟ್ ಕಾಗದವೂ ಹಾಗೇ ಇರುತ್ತದೆ. ಬಾಯಿಯನ್ನು ನಾಲ್ಕು ಭಾಗ ಮಾಡಿದರೆ ಪೇಷಂಟಿನ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಭಾಗದಲ್ಲೂ ನಡುಗೆರೆಯ ಪಕ್ಕದ ಹಲ್ಲು 1, ಕಟ್ಟಕಡೆಯ ಬುದ್ಧಿಹಲ್ಲು 8. ಮೊದಲು ಭಾಗದ ಅಂಕಿ, ಆಮೇಲೆ ಹಲ್ಲಿನ ಅಂಕಿ. 46 ಅಂದರೆ ಕೆಳಗಿನ ಬಲಭಾಗದ ಮೊದಲ ದವಡೆಹಲ್ಲು. ಇದನ್ನು "ನಾಲ್ಕು-ಆರು" ಎಂದೇ ಓದಬೇಕು. ನಲವತ್ತಾರು ಎಂದು ಓದುವ ಅಭ್ಯಾಸ ಬಿದ್ದರೆ ಮನಸ್ಸು ಅದನ್ನು ಎಣಿಕೆ ಅಂದುಕೊಳ್ಳುತ್ತದೆ, ಆದರೆ ಈ ಪದ್ಧತಿಯಲ್ಲಿ 19 ಅಥವಾ 20 ಎನ್ನುವ ಹಲ್ಲೇ ಇಲ್ಲ. ಹಾಲುಹಲ್ಲಿಗೆ ಭಾಗದ ಅಂಕಿ 5ರಿಂದ 8, ಹಲ್ಲು ಐದರವರೆಗೆ ಮಾತ್ರ, ಒಟ್ಟು 20.

ಇದು ನನಗೆ ಹಿಡಿತಕ್ಕೆ ಬಂದದ್ದು ನನ್ನ ಬಾಯಿಂದಲೇ. ಬಸ್ಸಿನಲ್ಲಿ ಕೂತು ನಾಲಿಗೆ ತುದಿಯನ್ನು ಒಂದು ಹಲ್ಲಿಗೆ ಮುಟ್ಟಿಸಿ ಅದರ ನಂಬರು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನಾಲಿಗೆಗೆ ಕನ್ನಡಿಯ ಗೊಂದಲ ಇಲ್ಲ, ಅದರ ಬಲ ಬಲವೇ. ನಂಬರು ಪಕ್ಕಾ ಆದ ಮೇಲೆ ಹಲ್ಲಿನ ಒಂದೊಂದು ಮೈಯ ಹೆಸರು ಸೇರಿಸಿದೆ: ನಡುಗೆರೆಯ ಕಡೆಯದು ಮೀಸಿಯಲ್, ಹಿಂದಿನದು ಡಿಸ್ಟಲ್, ಕೆನ್ನೆ ಕಡೆಯದು ಬಕ್ಕಲ್, ನಾಲಿಗೆ ಕಡೆಯದು ಲಿಂಗ್ವಲ್ (ಮೇಲ್ದವಡೆಯಲ್ಲಿ ಪ್ಯಾಲಟಲ್), ಅಗಿಯುವ ಮೈ ಅಕ್ಲೂಸಲ್. ಮುಂದಿನ ಹಲ್ಲಿಗೆ ಅಗಿಯುವ ಮೈ ಇಲ್ಲ, ಕಚ್ಚುವ ಅಂಚು ಇದೆ, ಅದು ಇನ್ಸೈಸಲ್. ನಾಲಿಗೆಯನ್ನು ಹಲ್ಲಿನ ಒಳಮೈಗೆ ತಾಗಿಸಿದರೆ ಲಿಂಗ್ವಲ್ ಎಲ್ಲಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಬೇರಿನ ಪಾಠ ಆದದ್ದು ಕಿತ್ತ ಹಲ್ಲುಗಳ ಮೇಲೆ. ಮೇಡಂ ಹತ್ತಿರ ಫಾರ್ಮಲಿನ್‌ನಲ್ಲಿಟ್ಟ ಹಲ್ಲಿನ ಬಾಟಲಿ ಇತ್ತು. ಬಿಡುವಿದ್ದಾಗ ಗ್ಲೌಸ್ ಹಾಕಿಸಿ, ನಾಲ್ಕೈದು ಹಲ್ಲು ಟ್ರೇ ಮೇಲೆ ಹರಡಿ "ಗುರುತು ಹೇಳವಾ" ಅನ್ನುತ್ತಿದ್ದರು. ಮೂರು ಬೇರಿದ್ದರೆ ಸಾಮಾನ್ಯವಾಗಿ ಮೇಲಿನ ದವಡೆಹಲ್ಲು, ಎರಡು ಕೆನ್ನೆ ಕಡೆ, ಒಂದು ಅಂಗುಳ ಕಡೆ. ಹಿಂದೊಂದು ಮುಂದೊಂದು ಎರಡು ಬೇರಿದ್ದರೆ ಕೆಳಗಿನದು. ಒಂದೇ ಬೇರು, ಅದೂ ಬಾಯಲ್ಲೇ ಎಲ್ಲಕ್ಕಿಂತ ಉದ್ದ ಇದ್ದರೆ ಕೋರೆಹಲ್ಲು. ಬೇರಿನ ತುದಿ ಹೆಚ್ಚಾಗಿ ಡಿಸ್ಟಲ್ ಕಡೆಗೆ ಬಾಗಿರುತ್ತದೆ, ಎಡವೋ ಬಲವೋ ಎನ್ನುವುದಕ್ಕೆ ಅದೊಂದು ಸುಳಿವು. ಕೆಳಗಿನ ಮೊದಲ ದವಡೆಹಲ್ಲಿನ ನೆತ್ತಿಯ ಮೇಲೆ ಸಾಮಾನ್ಯವಾಗಿ ಐದು ಉಬ್ಬು; ಅದರ ಹಿಂದಿನದರಲ್ಲಿ ನಾಲ್ಕು, ನಡುವಿನ ಗೀರು ಕೂಡಿಸುವ ಚಿಹ್ನೆ ಬರೆದ ಹಾಗೆ. ನೀವೂ ಕಿತ್ತ ಹಲ್ಲು ಕೂಡಿಡುವುದಾದರೆ ಬೆಳ್ಳಿ-ಪಾದರಸದ ಮಿಶ್ರಣ ತುಂಬಿದ ಹಲ್ಲನ್ನು ಆಟೋಕ್ಲೇವಿಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಬೇಡಿ, ಪಾದರಸದ ಆವಿ ಬರುತ್ತದೆ.

ಹಲ್ಲಿನ ಪದರಗಳನ್ನು ಪೇಷಂಟಿನ ಮಾತಿಗೆ ಜೋಡಿಸಿ ಕಲಿಯಿರಿ. ನೆತ್ತಿಯ ಹೊರಪದರ ಎನಾಮಲ್, ಅದರಲ್ಲಿ ತೂಕದ ಸುಮಾರು 96 ಶೇಕಡಾ ಖನಿಜ. ನರ ಇಲ್ಲ, ನೋವೂ ಇಲ್ಲ, ಸವೆದರೆ ಮತ್ತೆ ಬೆಳೆಯುವುದಿಲ್ಲ. ಒಳಗಿನ ಡೆಂಟಿನ್ ತುಂಬ ಸೂಕ್ಷ್ಮ ಕೊಳವೆಗಳು, ಅದರೊಳಗೆ ನರ-ರಕ್ತನಾಳ ಇರುವ ಪಲ್ಪ್. ಬೇರಿನ ಹೊರಮೈಗೆ ಸಿಮೆಂಟಮ್. "ತಣ್ಣೀರು ಕುಡದ್ರ ಜುಮ್ ಅಂತೈತ್ರಿ, ಆಮ್ಯಾಗ ಏನಿಲ್ಲ" ಎಂದರೆ ಡೆಂಟಿನ್‌ವರೆಗೆ ತೊಂದರೆ ಮುಟ್ಟಿರಬಹುದು. "ರಾತ್ರಿ ತಾನ ಎದ್ದು ಕುಂದ್ರಸ್ತೈತ್ರಿ, ನಿದ್ದಿನ ಇಲ್ಲ" ಎಂದರೆ ಸಂಶಯ ಪಲ್ಪ್ ಮೇಲೆ. ನಿರ್ಧಾರ ಡಾಕ್ಟರದು. ನಾನು ಮಾತ್ರ ಆ ಮಾತನ್ನು ಪೇಷಂಟ್ ಆಡಿದ ಹಾಗೇ ಬರೆಯುತ್ತೇನೆ. ಬರೇ "ಹಲ್ಲುನೋವು" ಎಂದು ಬರೆದರೆ ಡಾಕ್ಟರಿಗೆ ಬೇಕಾದದ್ದೇ ಬಿಟ್ಟುಹೋಗುತ್ತದೆ.

ನಮ್ಮ ಕಡೆ ಕೆಲಸ ಮಾಡುವವರಿಗೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲಿನಲ್ಲಿ ಮೂಡುವ ಕಲೆ, ಗುರುತು ಹಿಡಿಯಲು ಬರಲೇಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಇದು ಹಲ್ಲಿಗೆ ಹೊರಗಿನಿಂದ ಹತ್ತುವ ಬಣ್ಣವಲ್ಲ. ಎನಾಮಲ್ ತಯಾರಾಗುವಾಗಲೇ, ಸುಮಾರು ಎಂಟು ವರ್ಷದೊಳಗೆ, ಆಗುವ ಬದಲಾವಣೆ. ಆದ್ದರಿಂದ ನಾನು ಈಗಿನ ಊರು ಕೇಳಿ ಸುಮ್ಮನಾಗುವುದಿಲ್ಲ. "ಸಣ್ಣಾಕಿದ್ದಾಗ ಯಾವ ಊರಾಗ ಇದ್ದಿ ತಂಗಿ, ಯಾವ ನೀರು ಕುಡೀತಿದ್ರಿ?" ಎಂದು ಕೇಳುತ್ತೇನೆ. ಕೊಪ್ಪಳಕ್ಕೆ ಸೊಸೆಯಾಗಿ ಬಂದವಳ ಹಲ್ಲಿನಲ್ಲಿ ತವರೂರಿನ ನೀರು ಇರುತ್ತದೆ. ಫ್ಲೋರೋಸಿಸ್‌ನ ಬಿಳಿ ಗೆರೆ, ಕಂದು ಕಲೆ ಎಡಬಲ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹುಳುಕಿನ ಆರಂಭದ ಬಿಳಿ ಮಚ್ಚೆ ಹೆಚ್ಚಾಗಿ ಒಸಡಿನ ಅಂಚಿಗೆ, ಕೊಳೆ ನಿಲ್ಲುವ ಜಾಗದಲ್ಲಿ. ಗಾಳಿ ಹಾಕಿ ಒಣಗಿಸದೆ ಆ ಮಚ್ಚೆ ಕಣ್ಣಿಗೆ ಬೀಳುವುದು ಕಷ್ಟ; ಡಾಕ್ಟರು ಕೇಳುವ ಮುಂಚೆಯೇ ಏರ್ ಸಿರಿಂಜ್ ಕೈಯಲ್ಲಿರಲಿ. ಅಂಥ ಮಚ್ಚೆಗೆ ಎಕ್ಸ್‌ಪ್ಲೋರರ್ (ಹಲ್ಲು ತಡವಿ ನೋಡುವ ಚೂಪು ಕಡ್ಡಿ) ಮೊನೆ ಒತ್ತಿ ಚುಚ್ಚಿದರೆ ಮೇಲಿನ ಪದರ ಒಡೆಯಬಹುದು, ಮೆಲ್ಲಗೆ ಸವರಿದರೆ ಸಾಕು.

ಮಕ್ಕಳ ಬಾಯಲ್ಲಿ ಕಣ್ಣಂದಾಜು ನಡೆಯುವುದಿಲ್ಲ, ಎಣಿಸಬೇಕು. ಸುಮಾರು ಆರನೇ ವರ್ಷಕ್ಕೆ ಮೊದಲ ಕಾಯಂ ದವಡೆಹಲ್ಲು ಹಾಲುಹಲ್ಲುಗಳ ಹಿಂದೆ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ತಾಯಂದಿರಿಗೆ ಅದು ಹಾಲುಹಲ್ಲೇ. "ಹೆಂಗಿದ್ರೂ ಬಿದ್ದು ಹೊಸಾದು ಬರ್ತೈತಲ್ರಿ" ಅನ್ನುತ್ತಾರೆ. ಎರಡನೇ ಹಾಲು ದವಡೆಹಲ್ಲು ನೋಡಲು ಅದರದೇ ಸಣ್ಣ ರೂಪ, ಹೊಸಬರಿಗೂ ಮೋಸ ಆಗುತ್ತದೆ. ನಡುಗೆರೆಯಿಂದ ಎಣಿಸಿ ಬನ್ನಿ: ನಡುವೆ ಯಾವ ಹಲ್ಲೂ ಹೋಗಿರದಿದ್ದರೆ ಐದನೆಯದು ಹಾಲಿನದು, ಆರನೆಯದು ಕಾಯಂ.

ಟ್ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ: ಕನ್ನಡಿ, ಎಕ್ಸ್‌ಪ್ಲೋರರ್, ಟ್ವೀಝರ್, ಒಸಡಿನ ಪ್ರೋಬ್, ಹತ್ತಿ. ಪ್ರೋಬ್ ಬಗ್ಗೆ ಒಂದು ಮಾತು. ವಿಲಿಯಮ್ಸ್ ಪ್ರೋಬಿನ ಗೆರೆಗಳು 1, 2, 3, 5, 7, 8, 9, 10 ಮಿ.ಮೀ.ಗೆ ಇವೆ, ಓದಲು ಸಲೀಸಾಗಲೆಂದು 4, 6 ಬಿಟ್ಟಿದ್ದಾರೆ. ಹಲ್ಲು-ಒಸಡಿನ ನಡುವಿನ ಸಂದಿ ಎಷ್ಟು ಆಳ ಎಂದು ಒಂದು ಹಲ್ಲಿಗೆ ಆರು ಕಡೆ ಅಳತೆ, ಹೊರಗೆ ಮೂರು, ಒಳಗೆ ಮೂರು. ಮೇಡಂ "ಮೂರು, ಎರಡು, ಮೂರು" ಎಂದ ಕ್ರಮದಲ್ಲೇ ಖಾನೆ ತುಂಬುತ್ತೇನೆ, ಕೇಳಿಸದಿದ್ದರೆ ಅಲ್ಲೇ ತಡೆದು ಮತ್ತೆ ಕೇಳುತ್ತೇನೆ. 3 ಮಿ.ಮೀ.ವರೆಗೆ ಆರೋಗ್ಯ, 4 ಮುಟ್ಟಿದರೆ ಕೆಂಪು ಪೆನ್ನು. ರಕ್ತ ಬಂದ ಜಾಗಕ್ಕೆ ಒಂದು ಚುಕ್ಕೆ.

ಹಲ್ಲು ಮುಗಿದರೆ ಪರೀಕ್ಷೆ ಮುಗಿದ ಹಾಗಲ್ಲ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದ್ದಾರೆ. ಆದರೂ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಂದು ಅಂಗೈಯಲ್ಲಿ ಕಲಸಿಕೊಳ್ಳುವವರು ಕುರ್ಚಿಯಲ್ಲಿ ಬಂದು ಕೂರುತ್ತಲೇ ಇದ್ದಾರೆ. "ಬಾಯಿ ತೆರೀರಿ ಅಣ್ಣಾರ" ಎಂದಾಗ ಅವರದೇ ಮೂರು ಬೆರಳು ಒಂದರ ಮೇಲೊಂದು ಒಳಗೆ ಹೋಗದಿದ್ದರೆ ನಾನು ಸ್ಕೇಲ್ ತೆಗೆಯುತ್ತೇನೆ. ಮೇಲಿನ ಮುಂದಿನ ಹಲ್ಲಿನ ಅಂಚಿನಿಂದ ಕೆಳಗಿನದರ ಅಂಚಿಗೆ ಎಷ್ಟು ಮಿ.ಮೀ. ಎಂದು ಅಳೆದು ತಾರೀಖಿನ ಜತೆ ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ಬಾಯಿ ಇನ್ನೂ ಬಿಗಿದಿದೆಯೋ ಇಲ್ಲವೋ ಹೋಲಿಸಬಹುದು. ಕೆನ್ನೆಯ ಒಳಮೈ ಬಿಳಿಚಿ ಗಟ್ಟಿಯಾಗಿದೆಯೇ, ನಾಲಿಗೆಯ ಎರಡೂ ಅಂಚಿನಲ್ಲಿ, ನಾಲಿಗೆಯ ಅಡಿಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ ಎಂದು ಮೇಡಂ ನೋಡುತ್ತಾರೆ. ನಾಲಿಗೆ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆಳೆಯುವಾಗ ಲೈಟು ಸರಿಸಿಕೊಡುವುದು ನನ್ನ ಕೆಲಸ. ಏನೂ ಇಲ್ಲದಿದ್ದರೂ ಆ ಖಾನೆ ಖಾಲಿ ಬಿಡುವುದಿಲ್ಲ, "ನೋಡಿದೆ, ಸಹಜ" ಎಂದು ಬರೆದು ಮೇಡಂ ಸಹಿ ಹಾಕಿಸಿಕೊಳ್ಳುತ್ತೇನೆ.