ಓದಿದ್ದೆಷ್ಟು ಎನ್ನುವ ಬದಲು ಕೆಲಸ ನೋಡಿ ಆಯ್ಕೆ ಮಾಡುವುದು ಹೇಗೆ?

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ಐಟಿಐ ಅಥವಾ ಡಿಪ್ಲೊಮಾ ಕಡ್ಡಾಯ’ ಎಂಬ ಫಲಕಗಳು ಗೇಟಿನಿಂದ ಇಳಿಯುವುದೇ ಅಪರೂಪ. ಹೆಲ್ಪರ್ ಆಗಿ ಸೇರಿ, ಹಳೆಯ ಲೇಥ್ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕಲಿತ ಕೆಲಸಗಾರರು ‘ಕಡ್ಡಾಯ’ ಎಂಬ ಆ ಒಂದು ಪದ ನೋಡಿ ಒಳಗೆ ಬರದೆ ಹೋಗುತ್ತಾರೆ. ಯಂತ್ರಗಳೂ ಅವು ತಯಾರಿಸುವ ಬಿಡಿಭಾಗಗಳೂ ಬದಲಾಗುತ್ತಿರುವಾಗ, ಎಷ್ಟೋ ವರ್ಷಗಳ ಹಿಂದಿನ ಅಂಕಪಟ್ಟಿಗಿಂತ ಇಂದು ಮಾಡಿ ತೋರಿಸುವ ಕೆಲಸವೇ ಮಾಲೀಕರಿಗೆ ಹೆಚ್ಚು ತಿಳಿಸುತ್ತದೆ. ಕೌಶಲವನ್ನೇ ಆಧಾರವಾಗಿಟ್ಟುಕೊಂಡು ನೇಮಕ ಮಾಡಲು ಬಯಸುವ ಸಣ್ಣ ಕಾರ್ಖಾನೆಗಳು ಈ ಕ್ರಮವನ್ನು ಅನುಸರಿಸಬಹುದು.

ಮೊದಲಿಗೆ, ಈಗ ಆ ಯಂತ್ರದ ಮುಂದೆ ನಿಂತಿರುವವರು ಒಂದು ಪಾಳಿಯಲ್ಲಿ ಏನೇನು ಮಾಡುತ್ತಾರೆಂದು ಸೂಪರ್‌ವೈಸರ್ ಜೊತೆ ಕುಳಿತು ಬರೆದುಕೊಳ್ಳಿ. ಡ್ರಾಯಿಂಗ್ ಓದುವುದು, ಅಳತೆ ನೋಡುವುದು, ಆಫ್‌ಸೆಟ್ (ಕತ್ತರಿಸುವ ಉಪಕರಣದ ಸ್ಥಾನ ಸರಿಪಡಿಸಲು ಯಂತ್ರಕ್ಕೆ ಕೊಡುವ ಅಳತೆ) ತಿದ್ದುವುದು ಮೊದಲ ದಿನವೇ ಬೇಕಾದ ಕೆಲಸಗಳು. ನಿಮ್ಮ ಕಾರ್ಖಾನೆಯ ತಪಾಸಣಾ ನಮೂನೆ ತುಂಬುವುದನ್ನು ಬಂದ ಮೇಲೆ ಕಲಿಸಬಹುದು. ಜಾಹೀರಾತಿನಲ್ಲಿ ಮೊದಲ ಬಗೆಯವು ಮಾತ್ರ ಇರಲಿ. ಆದರೆ ಬಾಯ್ಲರ್ ನಿರ್ವಹಣೆ, ಭಾರಿ ವಾಹನ ಚಾಲನೆಯಂತಹ ಕೆಲಸಗಳಿಗೆ ಕಾನೂನೇ ಕೇಳುವ ಪ್ರಮಾಣಪತ್ರ ಅಥವಾ ಪರವಾನಗಿಯನ್ನು ಯಾವ ಕಾರಣಕ್ಕೂ ಕೈಬಿಡುವಂತಿಲ್ಲ.

ಎರಡನೆಯದು ಕೆಲಸದ ಪರೀಕ್ಷೆ, ಇಡೀ ಕ್ರಮದ ಜೀವಾಳವೇ ಇದು. 25 ಮಿ.ಮೀ. ವ್ಯಾಸದ ಒಂದು ಶಾಫ್ಟ್‌ನ ಡ್ರಾಯಿಂಗ್ ಕೊಟ್ಟು, 25.06 ಮಿ.ಮೀ.ಗೆ ನಿಂತಿರುವ ಜಾಬ್ (ಯಂತ್ರದಲ್ಲಿ ತಯಾರಾಗುವ ಬಿಡಿಭಾಗ) ಒಂದನ್ನು ಮೇಜಿನ ಮೇಲಿಡಿ. ಅಂಚಿನ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಲೋಹದ ಎಳೆ) ತೆಗೆದು, ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರ್‌ನ ಸೊನ್ನೆ ಸರಿಯಿದೆಯೇ ಎಂದು ನೋಡಿದ ಮೇಲೆ ಅಳತೆಗೆ ಕೈಹಾಕುವ ಅಭ್ಯರ್ಥಿಯ ಬಗ್ಗೆ ಆ ಎರಡು ನಿಮಿಷದಲ್ಲಿ ತಿಳಿಯುವಷ್ಟು ಅರ್ಧ ಗಂಟೆಯ ಸಂದರ್ಶನದಲ್ಲೂ ತಿಳಿಯುವುದಿಲ್ಲ. ಮುಂದಿನ ಜಾಬ್ ಅಳತೆಗೆ ಬರಬೇಕಾದರೆ ಏನು ಮಾಡುತ್ತೀರಿ ಎಂದು ಕೇಳಿ. ವ್ಯಾಸದ ಲೆಕ್ಕದಲ್ಲೇ ನಡೆಯುವ ಯಂತ್ರದಲ್ಲಿ ಎಕ್ಸ್ ಅಕ್ಷದ ವೇರ್ ಆಫ್‌ಸೆಟ್‌ನಿಂದ (ಸವೆತ ಸರಿದೂಗಿಸುವ ಅಳತೆಯಿಂದ) 0.06 ಕಳೆಯಬೇಕು, 0.03 ಎಂದವರಿಗೆ ತ್ರಿಜ್ಯಕ್ಕೂ ವ್ಯಾಸಕ್ಕೂ ಗೊಂದಲವಿದೆ. ಇನ್ಸರ್ಟ್ (ಲೋಹ ಕತ್ತರಿಸುವ ಅಲಗಿನ ತುಣುಕು) ಸವೆದಿರಬಹುದು, ಮೊದಲು ಅದನ್ನು ನೋಡುತ್ತೇನೆ ಎಂದು ತಾನಾಗಿಯೇ ಹೇಳಿದವರಿಗೆ ಹೆಚ್ಚಿನ ಅಂಕ ಕೊಡಿ.

ಯಾವುದಕ್ಕೆ ಎಷ್ಟು ಅಂಕ ಎಂಬುದು ಅಭ್ಯರ್ಥಿಗಳು ಬರುವ ಮೊದಲೇ ಕಾಗದದ ಮೇಲಿರಬೇಕು. ಇಬ್ಬರು ಪರೀಕ್ಷಕರು ಒಬ್ಬರನ್ನೊಬ್ಬರು ಕೇಳದೆ ಅಂಕ ಹಾಕಿ, ನಂತರ ಹೋಲಿಸಿ ನೋಡಲಿ. ಇಲ್ಲವಾದರೆ ‘ನಮ್ಮ ಕಡೆಯ ಹುಡುಗ’ ಎಂಬ ಹಳೆಯ ಅರ್ಹತೆ ಹಿಂಬಾಗಿಲಿನಿಂದ ಒಳಗೆ ಬಂದುಬಿಡುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಇಡೀ ದಿನ ದುಡಿಸಿಕೊಂಡು, ತಯಾರಾದ ಮಾಲನ್ನು ಗ್ರಾಹಕರಿಗೆ ಕಳಿಸುವ ಚಾಳಿಯೂ ಕೆಲವೆಡೆ ಇದೆ. ಅದು ಪುಕ್ಕಟೆ ದುಡಿಮೆಯೇ ಹೊರತು ಪರೀಕ್ಷೆಯಲ್ಲ.

ಹಾಗೆಂದು ಪ್ರಮಾಣಪತ್ರಗಳು ನಿರುಪಯುಕ್ತವೆಂದಲ್ಲ. ಐಟಿಐ ಅಥವಾ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಲಿತವರಿಗೆ ಬುನಾದಿ ಸಿಕ್ಕಿರುತ್ತದೆ, ಅದನ್ನೂ ಗಮನಕ್ಕೆ ತೆಗೆದುಕೊಳ್ಳಿ. ಶಾಲೆಯ ಹೊರಗೆ ಕೆಲಸ ಕಲಿತವರ ಕೈಯಲ್ಲಿ ಇನ್ನೊಂದು ಬಗೆಯ ಪತ್ರವಿರಬಹುದು: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಈಗಾಗಲೇ ಕಲಿತಿರುವುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. 2013ರಲ್ಲಿ ಅಧಿಸೂಚನೆಯಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಯಾವ ಹಂತಕ್ಕೆ ಅದು ಸಮ ಎಂಬುದನ್ನು ಪತ್ರದಲ್ಲೇ ನೋಡಿಕೊಳ್ಳಬಹುದು. ಎರಡು ಬಗೆಯವರಿಗೂ ಪರೀಕ್ಷೆ ಮಾತ್ರ ಒಂದೇ ಆಗಿರಲಿ.

ಕೊನೆಯದಾಗಿ ಸಂಬಳ. ಆಯ್ಕೆಗೆ ಕೌಶಲ, ಸಂಬಳಕ್ಕೆ ಡಿಪ್ಲೊಮಾ ಎಂಬ ಎರಡು ತಕ್ಕಡಿ ಇಟ್ಟುಕೊಂಡರೆ ಹೀಗೆ ಆರಿಸಿದವರು ಪಕ್ಕದ ಕಾರ್ಖಾನೆಗೆ ಹೋಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಒಂದೇ ಯಂತ್ರ, ಒಂದೇ ಪಾಳಿ, ಒಂದೇ ಹೊಣೆಯಿದ್ದರೆ ಸಂಬಳವೂ ಒಂದೇ ಎಂದು ನೇಮಕದ ಪತ್ರದಲ್ಲಿ ಬರೆದುಕೊಡಿ. ಮೂರು ತಿಂಗಳ ನಂತರ, ಪರೀಕ್ಷೆಯ ಅಂಕಗಳನ್ನು ತಿರಸ್ಕೃತವಾದ ಜಾಬ್‌ಗಳ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಹೆಚ್ಚು ಅಂಕ ಪಡೆದವರ ಕೈಯಲ್ಲೇ ಹೆಚ್ಚು ಜಾಬ್ ಕೆಟ್ಟಿದ್ದರೆ ನಿಮ್ಮ ಪರೀಕ್ಷೆಯನ್ನೇ ತಿದ್ದಬೇಕಾಗುತ್ತದೆ.