ಹಳೆ ಕನ್ವರ್ಟಿಬಲ್‌ಗೆ ಹೊಸ ಟಾಪ್ ಹಾಕುವ ಮುಂಚೆ

ಕನ್ವರ್ಟಿಬಲ್ ಅಂದರೆ ಚಾವಣಿ ಮಡಚಬಲ್ಲ ಕಾರು. ಅದರ ಟಾಪ್‌ಗೆ, ಅಂದರೆ ಆ ಚಾವಣಿಗೆ, ಹೊಸ ಬಟ್ಟೆ ಕೈಗೆ ಬಂದ ಕೂಡಲೇ ಹಾಕಿಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ತಡೆಯಿರಿ. ಮೊದಲು ಬಟ್ಟೆಯನ್ನು ಹಿಡಿದಿಡುವ ಮಡಚುವ ಫ್ರೇಮ್ ಮಾತ್ರ ನೋಡಿ. ಬಾಗಿಲುಗಳು ಸರಿಯಾಗಿ ಕೂರುತ್ತಿರಬೇಕು. ಗಾಜು ಏರಿಸಿ, ಫ್ರೇಮ್ ಮುಚ್ಚಿ ಲಾಕ್ ಮಾಡಿ, ಗಾಜಿನ ಅಂಚಿನುದ್ದಕ್ಕೂ ಸಂದು ಒಂದೇ ಸಮ ಇದೆಯಾ ಪರೀಕ್ಷಿಸಿ. ಸೊಟ್ಟ ಫ್ರೇಮನ್ನು ಬಟ್ಟೆ ಎಳೆದು ಸರಿಮಾಡಲು ಆಗುವುದಿಲ್ಲ.

ಫ್ರೇಮಿನ ಮುಂದಿನ ಪಟ್ಟಿಯ (ಮುಂಗಾಜಿನ ಮೇಲೆ ಕೂರುವ ಭಾಗದ) ರಬ್ಬರ್ ಸೀಲನ್ನೂ ಈಗಲೇ ಇಟ್ಟು ನೋಡಿ. ಅದರ ದಪ್ಪದಿಂದ ಬಿಗಿತ ಬದಲಾಗುತ್ತದೆ. ನಾನು ಇದನ್ನು ಮರೆತು, ಅಂಟಿಸಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಬೇಕಾಯಿತು.

ಬಟ್ಟೆ ವಿನೈಲ್ (ಪ್ಲಾಸ್ಟಿಕ್ ಥರದ್ದು) ಆದರೆ ಬಿಸಿಲಲ್ಲಿ ಹರಡಿಡಿ, ಮೆತ್ತಗಾಗಿ ಮಡಿಕೆಗಳು ಹೋಗುತ್ತವೆ. ಬಟ್ಟೆಯ ಮೇಲೂ ಫ್ರೇಮ್ ಮೇಲೂ ಅವುಗಳ ನಡುಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಿಂಭಾಗವನ್ನು ಮೊದಲು ಕೂರಿಸಿ, ನಡುವಿನಿಂದ ಎರಡೂ ಬದಿಗೆ ಹೋಗಿ. ಆಮೇಲೆ ಟಾಪ್ ಲಾಕ್ ಮಾಡಿ, ಬಟ್ಟೆ ಸುಕ್ಕಿಲ್ಲದಂತೆ ಕೈಯಲ್ಲೇ ಎಳೆದು, ಮುಂದಿನ ಪಟ್ಟಿಯ ಅಂಚಿಗೆ ಸರಿಯಾಗಿ ಬಟ್ಟೆಯ ಮೇಲೆ ಗೆರೆ ಎಳೆಯಿರಿ. ಲಾಕ್ ಬಿಚ್ಚಿ, ಆ ಗೆರೆ ಪಟ್ಟಿಯ ಅಂಚಿಗಿಂತ ಒಂದಿಷ್ಟೇ, 5-6 ಮಿಲಿಮೀಟರ್, ಮುಂದೆ ಬರುವಂತೆ ಎಳೆದು ತಾತ್ಕಾಲಿಕವಾಗಿ ಹಿಡಿಸಿ. ಮತ್ತೆ ಲಾಕ್ ಹಾಕಿ ನೋಡಿ. ಮೈಭಾರ ಹಾಕಿದರೆ ಮಾತ್ರ ಮುಚ್ಚುತ್ತದೆ ಅಂದರೆ ಬಿಗಿ ಜಾಸ್ತಿಯಾಗಿದೆ, ಹೊಲಿಗೆ ಬಿಟ್ಟೀತು. ಸರಿ ಅನಿಸುವವರೆಗೂ ಅಂಟು ಮುಟ್ಟಬೇಡಿ, ಹೆಚ್ಚುವರಿ ಬಟ್ಟೆಯನ್ನೂ ಕತ್ತರಿಸಬೇಡಿ.

ಹಾಕಿದ ಮೇಲೆ ಕೆಲವು ದಿನ ಮುಚ್ಚಿಯೇ ಇಡಿ. ಒದ್ದೆಯಿದ್ದಾಗ ಮಡಚಬೇಡಿ. ಚಳಿಯಲ್ಲಿ ಮಡಚಿದರಂತೂ ಹಿಂದಿನ ಪ್ಲಾಸ್ಟಿಕ್ ಕಿಟಕಿ ಬಿರುಕು ಬಿಡಬಹುದು.